ಲಾಂಡ್ರಿ ವ್ಯಾನಿನಲ್ಲಿ ಅಮ್ಮನ ದನಿ

"ಅಲ್ಲ, ಒಂದು ನರಪಿಳ್ಳೆ ಇಲ್ಲದ ರಸ್ತೇಲಿ, ಮರದ ಮರೇಲಿ ಕ್ಯಾಮೆರಾ ಇಡಬೇಕು ಅಂತ ಯಾವ ಪುಣ್ಯಾತ್ಮನಿಗೆ ಹೊಳೀತು?"

ಮಗ ಕೇಳಿದ್ದು ಯಾರನ್ನೂ ಅಲ್ಲ. ಒಂದು ಕೈಯಲ್ಲಿ ಕಳಚಿದ ಶೂ, ಇನ್ನೊಂದರಲ್ಲಿ ಅಂಚೆಯಲ್ಲಿ ಬಂದ ದಂಡದ ಚೀಟಿ ಹಿಡಿದು, ಬಾಗಿಲಲ್ಲೇ ನಿಂತು ಎದುರಿನ ಗೋಡೆಗೆ ಕೇಳಿದ. ಗೋಡೆ ಸುಮ್ಮನಿತ್ತು. ಒಳಕೋಣೆಯಲ್ಲಿ ಸೊಸೆಯ ಹೊಲಿಗೆ ಯಂತ್ರ ಟಕ್ಕೆಂದು ನಿಂತಿತು. ಆ ಮನೆಯಲ್ಲಿ ಯಂತ್ರ ನಿಂತಿತೆಂದರೆ ಸೊಸೆ ಕಿವಿಗೊಟ್ಟಳೆಂದೇ ಲೆಕ್ಕ. ಊಟದ ಮೇಜಿನ ಬಳಿ ಬಟಾಣಿ ಸುಲಿಯುತ್ತ ಕುಳಿತಿದ್ದ ಅಜ್ಜಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅಜ್ಜಿಗೆ ಕಣ್ಣು ಮಂಜಾಗಿ ಕೆಲವು ವರ್ಷವಾಗಿತ್ತು. ಬೆಳಕು, ನೆರಳು, ಹತ್ತಿರ ಬಂದವರ ಬಟ್ಟೆಯ ಬಣ್ಣ ಇಷ್ಟು ತಿಳಿಯುತ್ತಿತ್ತು. ಉಳಿದ ಸಂಸಾರವೆಲ್ಲ ಅವಳ ಪಾಲಿಗೆ ಕಿವಿಯಲ್ಲೇ ನಡೆಯುತ್ತಿತ್ತು. ಮಗ ಶೂ ಬಿಡುವ ಸದ್ದಿನಲ್ಲಿ ಅವನ ದಿನ ಹೇಗೆ ಕಳೆಯಿತೆಂದು ಹೇಳಬಲ್ಲಳು. ಈವತ್ತು ಒಂದೇ ಶೂ ಬಿದ್ದಿತ್ತು.

"ಮತ್ತೆ ಬಂತಾ?" ಎಂದಳು ಸೊಸೆ ಒಳಗಿನಿಂದ.

"ಬಂತು. ಇನ್ನೊಂದು ಬಂದ್ರೆ ಲೈಸೆನ್ಸು ಅಮಾನತು. ಆಮೇಲೆ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ."

"ಸ್ಟೇರಿಂಗ್ ಮುಟ್ಟೋ ಹಾಗಿಲ್ಲ," ಎಂದಳು ಮೇಜಿನ ಇನ್ನೊಂದು ತುದಿಯಲ್ಲಿ ಚಿತ್ರ ಬರೆಯುತ್ತಿದ್ದ ಮೊಮ್ಮಗಳು. ಕೇಳಿದ್ದನ್ನೆಲ್ಲ ಒಂದು ಸಲ ತಾನೂ ಹೇಳಿ ನೋಡುವ ಚಟಕ್ಕೇ ಅವಳಿಗೆ ಗಿಣಿ ಎಂಬ ಹೆಸರು ಬಿದ್ದದ್ದು.

"ನೀನು ಬಾಯ್ಮುಚ್ಚು."

"ಮಗೂನ ಯಾಕೆ ಗದರ್ತೀಯೋ?" ಎಂದಳು ಅಜ್ಜಿ. "ನಿಧಾನ ಓಡಿಸಪ್ಪ. ಮುಗೀತಲ್ಲ."

ಮಗ ಲಾಂಡ್ರಿಯೊಂದರ ವ್ಯಾನು ಓಡಿಸುತ್ತಿದ್ದ. ಬೆಳಿಗ್ಗೆ ಒಗೆದು ಮಡಿಸಿದ ಹಾಸಿಗೆ ಬಟ್ಟೆ, ಟವೆಲುಗಳನ್ನು ಹೋಟೆಲುಗಳಿಗೆ ಮುಟ್ಟಿಸುವುದು, ಕೊಳೆಯಾದದ್ದನ್ನು ತುಂಬಿಕೊಂಡು ಬರುವುದು, ಮತ್ತೆ ಹೋಗುವುದು. ಹಳೇ ಅತಿಥಿಗಳು ರೂಮು ಬಿಟ್ಟ ಮೇಲೆ ಹೊಸಬರು ಬರುವ ಮುಂಚಿನ ಸಣ್ಣ ಸಂದಿಯಲ್ಲಿ ಅವನ ಕೆಲಸವೆಲ್ಲ ಮುಗಿಯಬೇಕು.

"ನಿಧಾನ ಓಡಿಸಿದ್ರೆ ಬಂದೋರನ್ನ ಎಲ್ಲಿ ಮಲಗಿಸ್ತಾರಮ್ಮ? ಬರೀ ಮಂಚದ ಮೇಲಾ?"

"ಹಾಸಿಗೆ ಬಟ್ಟೆಗೇನು ಉಸಿರು ಹೋಗ್ತಿತ್ತೇನೋ, ಆಂಬುಲೆನ್ಸಿನ ಥರ ಓಡೋಕೆ?"

ಸೊಸೆ ಒಳಗೆ ಫಕ್ಕನೆ ನಕ್ಕಳು. ಎರಡನೆಯ ಶೂ ಬಿತ್ತು. ಯಂತ್ರ ಮತ್ತೆ ಓಡತೊಡಗಿತು.

ಆ ವಾರದ ಕೊನೆಯಲ್ಲಿ ಮಗ ಒಂದು ಡಬ್ಬಿ ತಂದ. ಅಂಗೈಯಷ್ಟು ಅಗಲ, ವ್ಯಾನಿನ ಮುಂದಿನ ಗಾಜಿಗೆ ಅಂಟಿಸುವುದು. ಮುಂದೆ ಎಲ್ಲಾದರೂ ವೇಗ ಹಿಡಿಯುವ ಕ್ಯಾಮೆರಾ ಇದ್ದರೆ ಮೊದಲೇ ಕೂಗಿ ಹೇಳುತ್ತದಂತೆ.

"ಇದನ್ನ ಇಟ್ಕೋಬಹುದಾ? ಪೊಲೀಸರು ಸುಮ್ನಿರ್ತಾರಾ?" ಎಂದು ಸೊಸೆ ಕೇಳಿದಳು.

"ಅಂಗಡೀಲಿ ರಾಜಾರೋಷವಾಗಿ ಮಾರ್ತಾರೆ ಕಣೇ."

"ಅಂಗಡೀಲಿ ಇಲಿ ಪಾಷಾಣಾನೂ ಮಾರ್ತಾರೆ."

ಡಬ್ಬಿಯೊಳಗೆ ಒಬ್ಬ ಹೆಂಗಸಿನ ದನಿಯಿತ್ತು. ಮೂಗಿನಲ್ಲಿ ಮಾತಾಡುತ್ತ, ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ಹಿಂದೆ ತುಂಬಿದ ಟ್ರಾಲಿಗಳ ಗಡಗಡದ ನಡುವೆ ಅವಳು ಏನು ಹೇಳಿದಳೆಂದು ತಿಳಿಯುವಷ್ಟರಲ್ಲಿ ಕ್ಯಾಮೆರಾ ದಾಟಿಹೋಗಿರುತ್ತಿತ್ತು. ಡಬ್ಬಿಯ ಗುಂಡಿಗಳನ್ನೆಲ್ಲ ಒತ್ತಿ ನೋಡಿದ ಗಿಣಿಯೇ ಆಮೇಲೆ ಕಂಡುಹಿಡಿದದ್ದು: "ಅಪ್ಪಾ, ಇದರಲ್ಲಿ ನಮ್ಮ ದನೀನೇ ತುಂಬಿಸಬಹುದು!"

ಮೂವರೂ ಒಟ್ಟಿಗೆ ಅಜ್ಜಿಯ ಕಡೆ ತಿರುಗಿದರು. ಅದೂ ಅಜ್ಜಿಗೆ ಕಾಣಲಿಲ್ಲ; ಮೂರು ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

ಅವಳು ಬಸ್ ನಿಲ್ದಾಣದ ಅನೌನ್ಸರ್ ಆಗಿದ್ದವಳು. ನಿವೃತ್ತಿಯ ತನಕವೂ ಆ ಗಾಜಿನ ಗೂಡಿನಲ್ಲಿ, ಮೈಕಿನ ಮುಂದೆ. ಬೀದಿಯವರು ಈಗಲೂ ಅನೌನ್ಸರಮ್ಮ ಎಂದೇ ಕರೆಯುವುದು. ಅವಳ ಅಪ್ಪ ಬೆಳಗಿನ ಜಾವ ಎದ್ದು ಹಳೆಯ ಕಾವ್ಯವನ್ನು ರಾಗವಾಗಿ ಓದುತ್ತಿದ್ದ. ಮಕ್ಕಳು ಅರೆನಿದ್ದೆಯಲ್ಲಿ ಕೇಳಿಸಿಕೊಂಡು ಬೆಳೆದರು. ಸಾಲಿನ ನಡುವೆ ಉಸಿರು ಕದಿಯಬಾರದು, ಮುಗಿದ ಮೇಲೆ ತುಂಬಿ ಎಳೆದುಕೋ ಎಂದು ಅವನು ಹೇಳಿಕೊಟ್ಟದ್ದು ಅವಳಿಗೆ ಮೈಕಿನ ಮುಂದೆ ಅನ್ನವಾಯಿತು. ನಿಲ್ದಾಣದಲ್ಲಿ ಪ್ರತಿಯೊಂದನ್ನೂ ಎರಡು ಸಲ ಹೇಳಬೇಕು. ಮೊದಲನೇ ಸಲ ಜನ ತಲೆ ಎತ್ತುವುದಕ್ಕೆ, ಎರಡನೇ ಸಲ ಕೇಳಿಸಿಕೊಳ್ಳುವುದಕ್ಕೆ. ಎರಡನೆಯದು ಇನ್ನಷ್ಟು ನಿಧಾನವಾಗಿರಬೇಕು. ಕೈಯಲ್ಲಿ ಗಂಟುಮೂಟೆ, ಕಂಕುಳಲ್ಲಿ ಮಗು ಇದ್ದವರು ಅದನ್ನೇ ನಂಬಿ ಓಡುತ್ತಾರೆ.

"ಹೂಂ ಅನ್ನಮ್ಮ," ಎಂದ ಮಗ. "ನಿನ್ನ ದನಿ ಆದ್ರೆ ಸಂತೆ ಮಧ್ಯೆ ಆದ್ರೂ ನಂಗೆ ಕೇಳುತ್ತೆ."

"ಈ ಕ್ಯಾಮೆರಾ ಎಲ್ಲೆಲ್ಲಿ ಇಡ್ತಾರೋ?"

"ಎಲ್ಲಿ ಅಂದ್ರೆ... ಅಪಾಯ ಇರೋ ಕಡೆ ಇಡ್ತಾರೆ." ಅವನ ಕಣ್ಣು ಡಬ್ಬಿಯ ಮೇಲಿತ್ತು.

"ಓಹೋ," ಎಂದಳು ಅಜ್ಜಿ. ಅಪಾಯವಿರುವ ಕಡೆ ಎಚ್ಚರಿಸುವ ಡಬ್ಬಿ. ಇಂಥದೊಂದು ಎಂದೋ ಬರಬೇಕಿತ್ತು ಎಂದುಕೊಂಡಳು.

ಅದಕ್ಕೊಂದು ಭಾನುವಾರದ ಮಧ್ಯಾಹ್ನ ಗೊತ್ತಾಯಿತು. ಕಿಟಕಿ ಮುಚ್ಚಿದರು. ಸೊಸೆ ಯಂತ್ರ ನಿಲ್ಲಿಸಿದಳು. ಕುಕ್ಕರು ಕೂಗದ ಹಾಗೆ ಒಲೆ ಆರಿಸಿಟ್ಟಳು. ಅಜ್ಜಿ ಬಿಸಿನೀರು ಕುಡಿದು, ಸೀರೆ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಸೀರೆ ಯಾಕಜ್ಜಿ ಸರಿಮಾಡ್ಕೊಂಡೆ? ಡಬ್ಬಿಗೇನು ಕಣ್ಣಿದ್ಯಾ?" ಎಂದಳು ಗಿಣಿ.

"ಸುಮ್ನಿರೇ. ಉಟ್ಟದ್ದು ಸಡಿಲ ಇದ್ರೆ ದನೀನೂ ಸಡಿಲ ಆಗುತ್ತೆ."

ಮಗ 'ಮುಂದೆ ಕ್ಯಾಮೆರಾ' ಅಷ್ಟು ಸಾಕು ಎಂದ. ಅದು ಅವಳಿಗೆ ಒಗ್ಗಲಿಲ್ಲ. ಮನಸ್ಸಿನಲ್ಲೇ ಮಾತು ಕಟ್ಟಿಕೊಂಡು, ಗಿಣಿ ಗುಂಡಿ ಒತ್ತಿದ ಕೂಡಲೇ ಹೇಳಿದಳು:

"ಗಮನಿಸು. ಮುಂದೆ ಜೋಪಾನ. ನಿಧಾನ ಹೋಗು, ಮಗಾ."

ಉಸಿರು ತುಂಬಿಕೊಂಡು, ಇನ್ನೊಂದು ಸಲ, ಇನ್ನೂ ನಿಧಾನವಾಗಿ ಹೇಳಿದಳು.

ಸೊಸೆಯೇ ಮೊದಲು ಬಾಯಿಬಿಟ್ಟಳು: "ಅತ್ತೆ, ನೀವು ನನಗೆ ಒಂದಿನಾನೂ ಈ ದನೀಲಿ ಮಾತಾಡಿಲ್ವಲ್ಲ!"

"ನೀನು ಗಾಡಿ ಓಡಿಸಲ್ವಲ್ಲೇ."

ಮುಂದಿನ ವಾರಗಳು ಆ ಮನೆಗೆ ಹಗುರವಾಗಿ ಬಂದವು. ಚೀಟಿ ಬರುವುದು ನಿಂತಿತು. ಎರಡೂ ಶೂ ಒಟ್ಟಿಗೆ, ಮೆತ್ತಗೆ ಬೀಳುತ್ತಿದ್ದವು. ಮಗ ಊಟಕ್ಕೆ ಕೂತು, "ಈವತ್ತು ನಾಲ್ಕು ಕಡೆ ಕೂಗಿದೆ ನೀನು," ಎಂದು ವರದಿ ಒಪ್ಪಿಸುವನು. "ಕೇಳಿದ್ಯಾ ಮತ್ತೆ?" "ಕೇಳದೆ? ಬ್ರೇಕು ಒತ್ತಿದ ರಭಸಕ್ಕೆ ಟವೆಲೆಲ್ಲ ಮುಂದಕ್ಕೆ ಬಂದವು." ಅಜ್ಜಿಗೆ ಅನ್ನ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಲಾಂಡ್ರಿಯ ಉಳಿದ ಚಾಲಕರಿಗೂ ಆ ದನಿ ಹಿಡಿಸಿಬಿಟ್ಟಿತು. ಒಬ್ಬನ ಡಬ್ಬಿಯಿಂದ ಇನ್ನೊಬ್ಬನ ಡಬ್ಬಿಗೆ ಹಾಕಿಕೊಂಡರು. ಅವರಲ್ಲೊಬ್ಬ, ಎಲ್ಲರೂ ದಪ್ಪಣ್ಣ ಎನ್ನುವವನು, ಒಂದು ಸಂಜೆ ಹಣ್ಣಿನ ಚೀಲ ಹಿಡಿದು ಬಂದ. ಕುರ್ಚಿ ಅವನ ಭಾರಕ್ಕೆ ನರಳಿತು.

"ಅಮ್ಮಾ, ನೀವು ನಮ್ಮ ವ್ಯಾನಲ್ಲೂ ಇದೀರಿ. ನನ್ನ ಹೆತ್ತಮ್ಮ 'ಮಗಾ' ಅಂತ ಕರೆದದ್ದೇ ನೆನಪಿಲ್ಲ. ಈಗ ದಿನಾ ಕರೆಸ್ಕೊಳ್ತೀನಿ."

"ಕರೆದಾಗ ನಿಧಾನ ಮಾಡ್ತೀಯಾ?"

"ಮಾಡದೆ ಉಂಟೇನಮ್ಮ!"

ಅವನು ಹೋದ ಮೇಲೆ ಸೊಸೆ ಬೀನ್ಸು, ಚಾಕು ತಂದು ಅಜ್ಜಿಯ ಮುಂದಿಟ್ಟಳು. "ಊರೆಲ್ಲ ಸುತ್ತೋಕೆ ಟೈಮಿದೆ ನಿಮಗೆ. ಒಂದು ಹಿಡಿ ಬೀನ್ಸು ಹೆಚ್ಚೋಕೆ ಪುರಸೊತ್ತಿಲ್ಲ." ಅಜ್ಜಿ ನಗುತ್ತ ಬೆರಳಲ್ಲೇ ಅಳತೆ ನೋಡಿಕೊಂಡು ಹೆಚ್ಚಿದಳು. ಬೆಳಗಿನ ಪ್ರಾರ್ಥನೆಯಲ್ಲಿ ಮಗನೊಬ್ಬನಿಗೆ ಕೇಳಿಕೊಳ್ಳುತ್ತಿದ್ದವಳು ಈಗ ಅಷ್ಟೂ ವ್ಯಾನುಗಳಿಗೆ ಕೇಳಿಕೊಳ್ಳತೊಡಗಿದಳು. ದನಿ ಕೊಟ್ಟ ಮೇಲೆ ಅವರೆಲ್ಲ ತನ್ನ ಹೊಣೆ ಎನ್ನಿಸಿತ್ತು. ಈ ಪ್ರಾಯದಲ್ಲಿ, ಕಣ್ಣು ಕಾಣದೆ ಮೂಲೆಯಲ್ಲಿ ಕೂತವಳ ಕೈಲಿ ಇಷ್ಟಾದರೂ ಆಗುತ್ತಿದೆಯಲ್ಲ ಎಂದು ಅವಳ ಹೊಟ್ಟೆ ತಣ್ಣಗಿತ್ತು.

ಆ ತಂಪು ಕಣ್ಣಿನ ಆಸ್ಪತ್ರೆಗೆ ಹೋದ ದಿನದವರೆಗೆ ಇತ್ತು.

ಹೋಟೆಲಿನ ದಾರಿಯಲ್ಲೇ ಆಸ್ಪತ್ರೆ. ಬಿಟ್ಟು ಹೋಗುತ್ತೇನೆ, ಬರುವಾಗ ಕರೆದುಕೊಂಡು ಬರುತ್ತೇನೆ ಎಂದ ಮಗ. ಅಜ್ಜಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕೂತಳು. ವ್ಯಾನಿನ ತುಂಬ ಇಸ್ತ್ರಿಯ ಬಿಸಿ, ಗಂಜಿಯ ವಾಸನೆ. ಹಿಂದೆ ಟ್ರಾಲಿಗಳು ಒಂದಕ್ಕೊಂದು ತಾಗಿ ಸದ್ದುಮಾಡುತ್ತಿದ್ದವು. ವೇಗ ಏರಿದಂತೆ ಆ ಸದ್ದು ಸಣ್ಣಗಾಗಿ, ಕೊನೆಗೆ ಒಂದೇ ಎಳೆಯಾಗುತ್ತದೆಂದು ಅವಳು ಬೇಗ ಕಂಡುಕೊಂಡಳು. ತನ್ನ ದನಿ ಯಾವಾಗ ಬರುತ್ತದೋ ಎಂದು, ಮೊದಲ ದಿನ ಮೈಕಿನ ಮುಂದೆ ಕೂತ ಹುಡುಗಿಯ ಹಾಗೆ, ಕಾದಳು.

ಮೊದಲು ಕೇಳಿಸಿದ್ದು ಮಕ್ಕಳು. ಶಾಲೆಯ ಗಂಟೆ ಬಾರಿಸಿತು. ಎರಡೂ ಬದಿಯಿಂದ ಕೂಗಾಟ, ನಗು, ಯಾರನ್ನೋ ಯಾರೋ ಕರೆಯುವುದು. ಗಿಣಿಯ ಶಾಲೆ ಇದೇ ಎಂದು ಅಜ್ಜಿಗೆ ತಿಳಿಯಿತು. ಈಗ ಹೇಳುತ್ತದೆ ಎಂದುಕೊಂಡಳು. ಡಬ್ಬಿ ಸುಮ್ಮನಿತ್ತು. ಹಿಂದಿನ ಸದ್ದು ಒಂದೇ ಎಳೆಯಾಗಿಯೇ ಇತ್ತು. ಮಗ ಎರಡು ಸಲ ಹಾರ್ನು ಹೊಡೆದ. ಮಕ್ಕಳ ದನಿ ಹಿಂದಕ್ಕೆ ಹರಿದುಹೋಯಿತು.

ಆಮೇಲೆ ಗಾಳಿ ಬಂತು. ಮನೆಗಳಿಲ್ಲ, ಜನರಿಲ್ಲ, ತಿರುವಿಲ್ಲ. ಬರೀ ಗಾಳಿಯ ಅಗಲವಾದ ಸದ್ದು. ಅಲ್ಲಿ ಅವಳ ದನಿ ಎದ್ದಿತು.

"ಗಮನಿಸು. ಮುಂದೆ ಜೋಪಾನ. ನಿಧಾನ ಹೋಗು, ಮಗಾ."

ಬ್ರೇಕು ಒತ್ತಿದ. ಟ್ರಾಲಿಗಳು ಧಡಾರೆಂದು ಮುಂದಕ್ಕೆ ಬಂದು ಹೊಡೆದವು. ಎರಡನೇ ಸಲ ಹೇಳಿ ಮುಗಿಯುವವರೆಗೆ ವ್ಯಾನು ತೆವಳಿತು. ಮುಗಿದದ್ದೇ ಎಂಜಿನ್ನು ಗರ್ಜಿಸಿ ಮತ್ತೆ ಅದೇ ಎಳೆ ಹಿಡಿಯಿತು.

"ಇಲ್ಲೇನಿತ್ತೋ?" ಎಂದಳು ಅಜ್ಜಿ.

"ಕ್ಯಾಮೆರಾ."

"ಅದಲ್ಲ. ಅಪಾಯ ಏನಿತ್ತು?"

"ಏನೂ ಇಲ್ಲಮ್ಮ. ನೇರ ರಸ್ತೆ. ಸುಮ್ನೆ ಇಟ್ಟಿದಾರೆ."

"ಶಾಲೆ ಹತ್ರ ಯಾಕೆ ನಾನು ಹೇಳಲಿಲ್ಲ?"

ಮಗ ನಕ್ಕುಬಿಟ್ಟ. "ಅಲ್ಲಿ ಕ್ಯಾಮೆರಾ ಇಲ್ವಲ್ಲಮ್ಮ. ಇದ್ರೆ ತಾನೇ ನೀನು ಹೇಳೋದು?"

ಅಜ್ಜಿ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಆಸ್ಪತ್ರೆ ಬರುವವರೆಗೆ ಅವಳ ದನಿ ಇನ್ನೂ ಒಮ್ಮೆ ಎದ್ದಿತು. ಆ ಸಲ ಕೇಳುವುದಕ್ಕೆ ಅವಳಿಗೆ ಇಷ್ಟವಾಗಲಿಲ್ಲ.

ಅಂದು ಸಂಜೆ ಊಟಕ್ಕೆ ಬಡಿಸುತ್ತಿದ್ದಂತೆಯೇ ಹೇಳಿದಳು: "ನನ್ನ ದನಿ ಅದರಿಂದ ತೆಗೆದುಬಿಡು."

"ಯಾಕಮ್ಮ? ಡಾಕ್ಟ್ರು ಏನಂದ್ರು?"

"ಡಾಕ್ಟ್ರು ಕಣ್ಣಿನ ಮಾತಾಡಿದ್ರು. ನಾನು ದನಿಯ ಮಾತಾಡ್ತಿದೀನಿ. ಅಪಾಯ ಇರೋ ಕಡೆ ಅಂದೆ ನೀನು. ಅದು ದಂಡ ಬೀಳೋ ಕಡೆ ಹೇಳುತ್ತೆ. ಮಕ್ಕಳಿರೋ ಕಡೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರುತ್ತೆ."

"ದಂಡ ಬಿದ್ರೆ ಲೈಸೆನ್ಸು ಹೋಗುತ್ತೆ, ಲೈಸೆನ್ಸು ಹೋದ್ರೆ ಈ ತಟ್ಟೆ ಖಾಲಿ. ಅದಕ್ಕಿಂತ ಅಪಾಯ ಏನಿದೆ ನಮಗೆ?"

"ನಿನಗೆ ಅಪಾಯ ಅದು ಸರಿ. ನಾನು ಹೇಳಿದ್ದು ಅದಕ್ಕಲ್ಲ."

"ಅದು ಬರೀ ದನಿ ಅಮ್ಮ!"

"ಬರೀ ದನಿ ನೆಚ್ಕೊಂಡೇ ನಾನು ಇಪ್ಪತ್ತೆಂಟು ವರ್ಷ ಸಂಬಳ ತಗೊಂಡದ್ದು. ಡಿಪೋ ಬಿಡದ ಬಸ್ಸನ್ನ ಇನ್ನೇನು ಬರುತ್ತೆ ಅಂತ ಹೇಳು, ಜನ ಗಲಾಟೆ ಮಾಡ್ತಿದಾರೆ ಅಂತ ಮೇಲಿನವರು ಎಷ್ಟೋ ಸಲ ಅಂದಿದಾರೆ. ಹೇಳಿದೀನಾ?"

ಸೊಸೆ ಸೌಟು ಹಿಡಿದು ನಿಂತಿದ್ದಳು. "ಅತ್ತೆ, ನೀವು ಹೇಳೋದು ನಿಜಾನೇ. ಆದ್ರೆ ಚೀಟಿ ಬರ್ತಾ ಇದ್ದಾಗ ಈ ಮನೆ ಹೇಗಿತ್ತು ನೆನಪಿದ್ಯಾ? ಈಗ ಒಂದಿಷ್ಟು ನೆಮ್ಮದಿ..."

"ಈವತ್ತು ನಾನು ನಿಂತಿದ್ದೆ," ಎಂದಳು ಗಿಣಿ.

"ಎಲ್ಲಿ?"

"ಶಾಲೆ ಗೇಟಿನ ಹತ್ರ. ಅಪ್ಪನ ವ್ಯಾನು ಬರ್ತಾ ಇತ್ತು. ನಮ್ಮಜ್ಜಿ ದನಿ ಕೇಳ್ಸುತ್ತೆ ನೋಡು ಅಂತ ನನ್ನ ಪಕ್ಕದ ಸೀಟಿನವಳಿಗೆ ತೋರ್ಸೋಕೆ ರಸ್ತೆ ಅಂಚಲ್ಲಿ ನಿಂತ್ವಿ. ಕೇಳ್ಸಲೇ ಇಲ್ಲ. ಅವಳ ಟೋಪಿ ಗಾಳಿಗೆ ಹಾರಿಹೋಯ್ತು."

ಸೌಟು ಪಾತ್ರೆಯ ಅಂಚಿಗೆ ತಾಗಿ ಟಣ್ಣೆಂದಿತು. ಮಗ ತಟ್ಟೆ ಸರಿಸಿ, "ಆಯ್ತು, ತೆಗೀತೀನಿ. ಈಗ ಊಟ ಮಾಡೋಕೆ ಬಿಡಿ," ಎಂದ.

ಅವನು ತೆಗೆಯಲಿಲ್ಲ. ಎರಡು ಸಲ ನೆನಪಿಸಿದಾಗಲೂ "ಹೂಂ" ಎಂದ. ಮುಂದಿನ ಭಾನುವಾರ ವ್ಯಾನು ಮನೆಯ ಮುಂದೆಯೇ ನಿಂತಿತ್ತು. ಮಗ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದ ಹೊತ್ತಿಗೆ ಅಜ್ಜಿ ಗಿಣಿಯ ಭುಜ ಹಿಡಿದುಕೊಂಡು ಮೆಟ್ಟಿಲಿಳಿದಳು.

"ಯಾವ ಗುಂಡಿನೇ ಅದು?"

"ಇದು. ಅಜ್ಜಿ, ಒತ್ತಿದ್ರೆ ವಾಪಸ್ ಬರಲ್ಲ."

"ನನ್ನ ಬೆರಳು ಹಿಡಿದು ಅದರ ಮೇಲಿಡು. ನೀನು ಒತ್ತಬೇಡ. ಕೇಳಿದ್ರೆ ನಾನು ಒತ್ತಿದೆ ಅಂತಾನೇ ಆಗ್ಬೇಕು."

ಮೇಲೆ ಬಂದು ಗಿಣಿಯ ಕೈಲಿ ದಪ್ಪಣ್ಣನಿಗೂ ಫೋನು ಮಾಡಿಸಿದಳು. ಅವನು ಒಂದೇ ಸಲಕ್ಕೆ ಒಪ್ಪಿದ. ಉಳಿದವರದ್ದೂ ತೆಗೆಸುವೆ ಎಂದ. "ಆದ್ರೆ ಒಂದು ಮಾತಮ್ಮ, ನನ್ನನ್ನ 'ಮಗಾ' ಅನ್ನೋರು ಇನ್ಯಾರೂ ಇಲ್ಲ."

"ಮನೆಗೆ ಬಾ. ಊಟ ಹಾಕಿ ಕರೀತೀನಿ."

ಮಧ್ಯಾಹ್ನ ಎಲ್ಲರೂ ಕೂತ ಮೇಲೆ, "ನಾನೇ ಅಳಿಸಿದೆ. ದಪ್ಪಣ್ಣಂಗೂ ಹೇಳಿದೆ," ಎಂದಳು. ಮಗ ಊಟ ಮುಗಿಸಿದ. ಕೈ ತೊಳೆದು ಬಂದು ಹೆಂಡತಿಗೆ, "ನೀನಾದ್ರೂ ಒಂದು ಸಲ ನಿನ್ನ ದನಿ ತುಂಬಿಸ್ಕೊಡೇ," ಎಂದ.

"ನಾನಾ? ನನ್ನ ಮಾತಿಗೆ ನೀವು ಮನೇಲೇ ನಿಧಾನ ಆಗಲ್ಲ. ರಸ್ತೇಲಿ ಆಗ್ತೀರಾ?"

ಅಜ್ಜಿಗೆ ನಗು ಬಂತು. ಬೇರೆ ಯಾರೂ ನಗಲಿಲ್ಲವೆಂದು ನುಂಗಿಕೊಂಡಳು.

ಮೂಗಿನ ಹೆಂಗಸು ಡಬ್ಬಿಗೆ ಮರಳಿದಳು. ಚೀಟಿ ಬರುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಆ ದಿನ ಶೂ ಬೀಳಲೇ ಇಲ್ಲ. ಮಗ ಶೂ ಹಾಕಿಕೊಂಡೇ ಒಳಗೆ ಬಂದು ಅಜ್ಜಿಯ ಮುಂದೆ ನಿಂತ.

"ತಗೋ. ಸಮಾಧಾನ ಆಯ್ತಾ? ಅವಳು ಹೇಳಿದ್ದು ನಂಗೆ ಕೇಳಿಸ್ಲಿಲ್ಲ. ನೀನಿದ್ದಿದ್ರೆ ಕೇಳ್ತಿತ್ತು."

"ಗಾಡಿ ಓಡಿಸಿದ್ದು ಅತ್ತೆನಾ?" ಎಂದಳು ಸೊಸೆ ಒಳಗಿನಿಂದ.

"ನೀನು ಮಧ್ಯೆ ಬರಬೇಡ."

"ಬರ್ತೀನಿ. ನಾನೂ ಈ ಮನೇಲೇ ಇರೋದು."

ಲೈಸೆನ್ಸು ಅಮಾನತಾಯಿತು. ಮೇಲ್ವಿಚಾರಕ ದೊಡ್ಡ ಮನಸ್ಸು ಮಾಡಿ ಅವನನ್ನು ಲಾಂಡ್ರಿಯ ಮಡಿಸುವ ಕೋಣೆಗೆ ಹಾಕಿದ, ಕೂಲಿ ಅರ್ಧ. ಇಬ್ಬರು ಎದುರುಬದುರು ನಿಂತು ಹಾಸಿಗೆ ಬಟ್ಟೆಯ ನಾಲ್ಕು ಮೂಲೆ ಹಿಡಿದು, ಹತ್ತಿರ ಬಂದು ಸೇರಿಸಿ, ಮತ್ತೆ ದೂರ ಸರಿಯುವ ಕೆಲಸ. ಸಂಜೆಗೆ ಬೆರಳ ತುದಿಗಳು ಒಣಗಿ ಬಿರಿಯುತ್ತಿದ್ದವು. ಸೊಸೆ ಪರದೆ ಹೊಲಿಯುವ ಕೆಲಸವನ್ನೂ ಹಿಡಿದಳು. ಸಂಜೆಯೆಲ್ಲ ಯಂತ್ರ ನಿಲ್ಲುವುದೇ ಅಪರೂಪವಾಯಿತು. ಮೊಟ್ಟೆ ಗಿಣಿಗೆ ಮಾತ್ರ, ದೊಡ್ಡವರಿಗೆ ಆಲೂಗಡ್ಡೆ. ಮಗ ಅಜ್ಜಿಯೊಡನೆ ಮಾತು ಬಿಟ್ಟಿದ್ದ. "ಉಪ್ಪು ಬೇಕಾ ಅಂತ ನಿಮ್ಮಜ್ಜೀನ ಕೇಳು," ಎಂದು ಗಿಣಿಯ ಮೂಲಕ ಹೇಳಿಸುವನು. ಗಿಣಿ, "ಉಪ್ಪು ಬೇಕಾ ಅಂತ ನಿಮ್ಮಜ್ಜೀನ ಕೇಳು," ಎಂದು ಅಜ್ಜಿಗೆ ಹಾಗೆಯೇ ಒಪ್ಪಿಸುವಳು.

ಒಂದು ಸಂಜೆ ಸೊಸೆ ಯಂತ್ರ ನಿಲ್ಲಿಸಿ, ಅಜ್ಜಿಯ ಪಕ್ಕದಲ್ಲಿ ಬಂದು ಕೂತು, ಸೊಂಟ ಒತ್ತಿಕೊಂಡಳು.

"ಅತ್ತೆ, ಒಂದು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ್ದು ಸರಿ ಅಂತ ನನಗೆ ಗೊತ್ತು. ಆದ್ರೆ ಸರಿ ಇರೋದಕ್ಕೆ ನನ್ನ ಸೊಂಟಾನೇ ಯಾಕೆ ಬೇಕಿತ್ತು?"

ಅಜ್ಜಿ ಅವಳ ಸೊಂಟಕ್ಕೆ ಕೈ ಹಾಕಿ, ಹೆಬ್ಬೆರಳಿನಿಂದ ಒತ್ತುತ್ತ ಕೂತಳು. ಸೊಸೆ ಬೇಡವೆನ್ನಲಿಲ್ಲ.

ವ್ಯಾನಿಲ್ಲದ್ದರಿಂದ ಗಿಣಿಯನ್ನು ಶಾಲೆಗೆ ನಡೆಸಿಕೊಂಡು ಹೋಗುವ ಕೆಲಸ ಮಗನದ್ದಾಗಿತ್ತು. ಲಾಂಡ್ರಿಗೆ ಅದೇ ದಾರಿ. ಮೊದಮೊದಲು ಗೊಣಗುತ್ತಿದ್ದವನು ಆಮೇಲೆ ಗೊಣಗುವುದನ್ನು ನಿಲ್ಲಿಸಿದ. ಒಂದು ದಿನ ಊಟಕ್ಕೆ ಕೂತವನು ನೀರಿನ ಲೋಟವನ್ನು ಸದ್ದಿಲ್ಲದೆ ಕೆಳಗಿಟ್ಟ. ಅಜ್ಜಿಯ ಕಿವಿ ಚುರುಕಾಯಿತು.

"ಆ ಗೇಟಿನ ಹತ್ರ ತುಂಬ ಜೋರಾಗಿ ಬರ್ತಾರೆ," ಎಂದ. ಗಿಣಿಗಲ್ಲ, ನೇರವಾಗಿ ಅಮ್ಮನಿಗೆ.

"ಯಾರು?"

"ಯಾರೇನು. ನಾವೇ." ಆಮೇಲೆ ಹೇಳಿದ: "ಈವತ್ತು ದಪ್ಪಣ್ಣ ನನಗೇ ಹಾರ್ನು ಹೊಡ್ದ. ನಾನು ಅಂತ ಗೊತ್ತಾಗಿಲ್ಲ ಅವನಿಗೆ. ಇವಳ ಕೈ ಹಿಡ್ಕೊಂಡು ಹಿಂದಕ್ಕೆ ಹಾರಿದೆ."

ಅಜ್ಜಿ ಆಲೂಗಡ್ಡೆಯ ಬಟ್ಟಲನ್ನು ತಡವಿ ಹುಡುಕಿ ಅವನ ಕಡೆ ಸರಿಸಿದಳು.

ಅಮಾನತಿನ ಅವಧಿ ಮುಗಿಯಿತು. ಲೈಸೆನ್ಸು ಕೈಗೆ ಬಂದ ದಿನ ಸೊಸೆ ಎಲ್ಲರಿಗೂ ಮೊಟ್ಟೆ ಬೇಯಿಸಿದಳು. ಮಗ ಎರಡೂ ಶೂಗಳನ್ನು ಜೋಡಿಸಿಟ್ಟು, ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟ. ಪ್ಲಾಸ್ಟಿಕ್ಕು ಮರಕ್ಕೆ ತಾಗಿದ ಸದ್ದಿನಿಂದಲೇ ಅಜ್ಜಿಗೆ ಏನೆಂದು ತಿಳಿಯಿತು.

"ಅಮ್ಮ, ಪೂರ್ತಿ ಕೇಳು. ಮಧ್ಯೆ ಬಾಯಿ ಹಾಕಬೇಡ."

"ಹೇಳಪ್ಪ."

"ಆ ಗೇಟಿನ ಹತ್ರ ನಾನು ನಿಧಾನ ಹೋಗ್ತೀನಿ. ಇವಳ ಮೇಲಾಣೆ. ಅದು ಬೇರೆ ಮಾತು. ಇದು ಬೇರೆ. ಮೇಲ್ವಿಚಾರಕರು ಕರೆದಿದ್ರು. ನಿನ್ನ ದನಿ ಇದ್ದಷ್ಟು ದಿನ ಒಬ್ಬ ಚಾಲಕನಿಗೂ ಚೀಟಿ ಬಂದಿಲ್ಲ, ಲೆಕ್ಕ ತೆಗೆದು ನೋಡಿದಾರೆ. ಇನ್ನೊಂದು ಸಲ ತುಂಬಿಸ್ಕೊಟ್ರೆ ಎಲ್ಲ ವ್ಯಾನಿಗೂ ಹಾಕಿಸ್ತಾರಂತೆ. ನನಗೆ ಹತ್ತಿರದ ರೂಟು ಕೊಡ್ತಾರೆ. ಎರಡೇ ಹೋಟೆಲು. ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಇವಳನ್ನ ಶಾಲೆಯಿಂದ ನಾನೇ ಕರ್ಕೊಂಡು ಬರಬಹುದು. ಅವಳು ಈ ಪರದೆ ಕೆಲಸ ಬಿಡಬಹುದು."

ಒಳಕೋಣೆಯಲ್ಲಿ ಯಂತ್ರ ನಿಂತಿತು.

"ಅಪ್ಪ ಕರ್ಕೊಂಡು ಬರ್ತಾರಾ?" ಎಂದಳು ಗಿಣಿ. "ದಿನಾನಾ?"

ಅಜ್ಜಿ ಕೈ ಚಾಚಿ ಡಬ್ಬಿಯನ್ನು ಮುಟ್ಟಿದಳು. ಅಂಚು ಸವೆದಿತ್ತು. ಮೈಕು ಬಿಟ್ಟು ಬಂದ ಮೇಲೆ ಅವಳ ದನಿ ಬೇಕೆಂದು ಮನೆಬಾಗಿಲಿಗೆ ಬಂದದ್ದು ಇದೊಂದೇ. ಆ ಭಾನುವಾರ ಕಿಟಕಿ ಮುಚ್ಚಿ, ಒಲೆ ಆರಿಸಿ, ಎಲ್ಲರೂ ಉಸಿರು ಬಿಗಿಹಿಡಿದು ಕೂತದ್ದು ನೆನಪಾಯಿತು. ಎಷ್ಟು ಚೆನ್ನಾಗಿತ್ತು ಅದು.

"ಒಂದು ಕೇಳ್ತೀನಿ," ಎಂದಳು. "ಶಾಲೆ ಗೇಟಿನ ಹತ್ರಾನೂ ನಾನು ಹೇಳೋ ಹಾಗೆ ಮಾಡೋಕಾಗುತ್ತಾ? ಅಲ್ಲೂ, ಆ ಆಸ್ಪತ್ರೆ ಮುಂದೆ ಮುದುಕರು ದಾಟ್ತಾರಲ್ಲ, ಅಲ್ಲೂ?"

ಮಗ ಗಿಣಿಯ ಕಡೆ ತಿರುಗಿದ.

"ನೋಡಿದೀನಿ ಅಜ್ಜಿ," ಎಂದಳು ಗಿಣಿ ಸಣ್ಣ ದನಿಯಲ್ಲಿ. "ಇದು ಕ್ಯಾಮೆರಾಗೆ ಮಾತ್ರ ಹೇಳುತ್ತೆ. ಬೇರೆ ಜಾಗ ಸೇರಿಸೋಕೆ ಬರಲ್ಲ."

"ಕೇಳಿಸ್ತಲ್ಲಮ್ಮ, ಬರಲ್ಲ. ಅದಕ್ಕೇನು ಮಾಡೋಣ? ಇರೋ ಕಡೆ ಹೇಳು. ಯಾರಿಗೂ ಕೆಟ್ಟದ್ದೇನಾಗಲ್ಲ. ಎರಡು ಮಾತು. ಅಷ್ಟೇ ನಾನು ಕೇಳ್ತಿರೋದು."

"ಅತ್ತೆ," ಎಂದಳು ಸೊಸೆ. ಯಾವಾಗ ಬಂದಳೋ, ಬಾಗಿಲಲ್ಲಿ ನಿಂತಿದ್ದಳು. ಅವಳ ಕತ್ತರಿ ಒಮ್ಮೆ ತೆರೆದು ಮುಚ್ಚಿಕೊಂಡಿತು.

ಆ ವ್ಯಾನುಗಳೆಷ್ಟೋ, ಅವುಗಳ ಚಾಲಕರೆಷ್ಟೋ. ಅವಳು ಕಣ್ಣಲ್ಲಿ ಕಂಡವರಲ್ಲ. ಅಮ್ಮ ಹೇಳಿದಳು ಎಂದು ಖಾಲಿ ರಸ್ತೆಯಲ್ಲಿ ಕಾಲು ಬ್ರೇಕಿಗೆ ಹೋಗುತ್ತದೆ. ಅಮ್ಮ ಹೇಳಲಿಲ್ಲ ಎಂದರೆ ಮುಂದೆ ಏನೂ ಇಲ್ಲವೆಂದೇ ತಿಳಿಯುತ್ತಾರೆ. ಗೇಟಿನ ಬಳಿ ಯಾರೋ ಒಬ್ಬಳು ಆ ದನಿ ಕೇಳಿಸೀತೆಂದು ರಸ್ತೆಯ ಅಂಚಿಗೆ ಬಂದು ನಿಂತಿರುತ್ತಾಳೆ.

ಅಜ್ಜಿ ಡಬ್ಬಿಯನ್ನು ಮೇಜಿನ ಮೇಲೆ ಮಗನ ಕಡೆಗೆ ಸರಿಸಿದಳು. ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿದಳು.

"ಇಲ್ಲ ಮಗಾ. ನಾನು ಹೇಳಲ್ಲ."

ಉಸಿರು ತುಂಬಿಕೊಂಡು, ಇನ್ನೊಂದು ಸಲ, ಇನ್ನೂ ನಿಧಾನವಾಗಿ ಹೇಳಿದಳು.